ಎಮ್ಮೆ ಕಾಯುವ ವಿದ್ಯೆ

ಒಂದೇ ಬಗೆಯ ನಡತೆ, ಒಂದೇ ಬಗೆಯ ಅಭಿರುಚಿ ಇರುವವರಲ್ಲಿ ಸ್ನೇಹ ಬೆಳೆಯುತ್ತದೆ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಮಾತು ಸುಳ್ಳಲ್ಲ. ಆದರೆ ಇದನ್ನೇ ಪೂರ್ಣಸತ್ಯವೆಂದು ನಂಬಿದರೆ ನಮ್ಮ ಸ್ನೇಹದ ವಲಯ ನಮ್ಮ ಮನೆಯಂಗಳವನ್ನು ದಾಟುವುದಿಲ್ಲ. ನಮ್ಮಂತೆ ಉಡದ, ನಮ್ಮಂತೆ ಆಡದ, ನಮ್ಮ ಶಾಲೆಯ ಮೆಟ್ಟಿಲು ಹತ್ತದ ಮನುಷ್ಯನೊಡನೆಯೂ ಗಾಢವಾದ ಸ್ನೇಹ ಸಾಧ್ಯವೆಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನದೇ ಒಂದು ತಪ್ಪಿನಿಂದ ಕಲಿತೆನು. ಆ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುವುದರಿಂದಲೇ ಈ ಬರಹವನ್ನು ಆರಂಭಿಸಬೇಕಾಗಿದೆ.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ನಂದಗಡದ ಹೆಸರನ್ನು ನೀವು ಇತಿಹಾಸದ ಪಾಠದಲ್ಲಿ ಕೇಳಿದ್ದೀರಿ. ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಅಲ್ಲಿಯೇ. ಅವನ ಸಮಾಧಿಯನ್ನೂ ಅದರ ಬಳಿಯ ಆಲದ ಮರವನ್ನೂ ನೋಡಲು ನಾಡಿನ ನಾನಾ ಭಾಗಗಳಿಂದ ಜನ ಬರುತ್ತಾರೆ. ರಾಯಣ್ಣನ ಜೊತೆಗಾರರಲ್ಲಿ ಗಜವೀರನೆಂಬ ಒಬ್ಬ ಸಿದ್ದಿಯೂ ಇದ್ದನೆಂದು ಜನಪದರು ನೆನೆಯುತ್ತಾರೆ. ಆಫ್ರಿಕ ಮೂಲದ ಸಿದ್ದಿಗಳು ಇಂದಿಗೂ ಈ ತಾಲ್ಲೂಕಿನಲ್ಲಿದ್ದಾರೆ. ಸಮಾಧಿಗೆ ಕೈಮುಗಿದು ಹಿಂದಿರುಗುವ ಯಾತ್ರಿಕರು ಸಾಮಾನ್ಯವಾಗಿ ಪಶ್ಚಿಮದ ಕಡೆಗೆ ನೋಡುವುದಿಲ್ಲ. ನೋಡಿದರೆ ಅಲ್ಲಿ ಸಹ್ಯಾದ್ರಿಯ ಕಾಡು ಕಾಣುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಈ ತಾಲ್ಲೂಕಿನಲ್ಲಿಯೇ ಇದೆ. 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಭೀಮಗಡದ ಅರಣ್ಯವೂ ಇಲ್ಲಿಯದೇ. ಈ ಕಾಡಿನ ಅಂಚಿನಲ್ಲಿ, ಒಳಗಿನ ಬಯಲುಗಳಲ್ಲಿ, ಗೌಳಿವಾಡಗಳಿವೆ.

ಧನಗರ ಗೌಳಿಗಳು ಎಮ್ಮೆ ಮತ್ತು ದನಗಳನ್ನು ಸಾಕಿ ಬದುಕುವ ಜನ. ಅವರ ಹಿರಿಯರು ಮಹಾರಾಷ್ಟ್ರದ ಘಟ್ಟಪ್ರದೇಶದಿಂದ ಮೇವನ್ನೂ ನೀರನ್ನೂ ಅರಸುತ್ತ ತೆಂಕಣಕ್ಕೆ ಬಂದವರು. ಮನೆಯಲ್ಲಿ ಅವರಾಡುವುದು ಮರಾಠಿಯ ಒಂದು ಉಪಭಾಷೆ. ಮಾಧವ ಗಾಡ್ಗೀಳ್ ಮತ್ತು ಕೈಲಾಸ ಮಲ್ಹೋತ್ರ ಎಂಬ ವಿಜ್ಞಾನಿಗಳು ಇವರ ಜೀವನಕ್ರಮವನ್ನು ಅಧ್ಯಯನಮಾಡಿ 1982ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಹಿಂದೆ ಮಹಾರಾಷ್ಟ್ರದ ಘಟ್ಟಗಳಲ್ಲಿ ಗೌಳಿಗಳು ಬೆಟ್ಟದ ಮೇಲ್ಭಾಗದಲ್ಲಿಯೂ ಕುಣಬಿ ರೈತರು ಕಣಿವೆಯಲ್ಲಿಯೂ ವಾಸವಾಗಿದ್ದರು. ಗೌಳಿಗಳು ಬೆಣ್ಣೆಯನ್ನು ಕೊಟ್ಟು ಧಾನ್ಯವನ್ನು ಪಡೆಯುತ್ತಿದ್ದರು. ಇಬ್ಬರ ಕಸುಬು ಬೇರೆಯಾಗಿದ್ದುದರಿಂದಲೇ ಒಬ್ಬರಿಗೆ ಇನ್ನೊಬ್ಬರು ಬೇಕಾಗಿದ್ದರು. ಭಿನ್ನತೆ ಜಗಳಕ್ಕೆ ಕಾರಣವಾಗುವಂತೆ ನಂಟಿಗೂ ಕಾರಣವಾಗಬಲ್ಲದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಇವೆಲ್ಲ ನನಗೆ ತಿಳಿದದ್ದು ಆಮೇಲೆ. 1995ರಲ್ಲಿ ನಾನು ನಂದಗಡದಲ್ಲಿ ಕನ್ನಡ ಶಿಕ್ಷಕನಾಗಿದ್ದಾಗ, ಒಂಬತ್ತನೆಯ ತರಗತಿಯಲ್ಲಿ, ಎಂದರೆ ಇಂದು ನೀವಿರುವ ತರಗತಿಯಲ್ಲಿಯೇ, ಒಬ್ಬ ಗೌಳಿ ಹುಡುಗನಿದ್ದನು. ದಿನವೂ ಕಾಡುದಾರಿಯಲ್ಲಿ ಬಹುದೂರ ನಡೆದು ಶಾಲೆಗೆ ಬರುತ್ತಿದ್ದನು. ಒಂದು ದಿನ ಛಂದಸ್ಸಿನ ಪಾಠ. ಹಲಗೆಯ ಮೇಲಿನ ಪದ್ಯಕ್ಕೆ ಲಘು ಗುರುಗಳ ಗುರುತು ಹಾಕೆಂದರೆ ಹುಡುಗ ಸುಮ್ಮನೆ ನಿಂತುಬಿಟ್ಟನು. ನನಗೆ ಸಿಟ್ಟು ಬಂದಿತು. ನಮ್ಮ ನಾಡಿನ ಎಷ್ಟೋ ಶಿಕ್ಷಕರು ಎಷ್ಟೋ ಸಲ ಆಡಿದ ಮಾತನ್ನೇ ನಾನೂ ಆಡಿದೆನು: “ನೀನು ಎಮ್ಮೆ ಕಾಯುವುದಕ್ಕೇ ಲಾಯಕ್ಕು!”

ತರಗತಿ ಗೊಳ್ಳೆಂದು ನಕ್ಕಿತು. ಉಳಿದ ಮಕ್ಕಳಿಗೆ ಅದು ಬರಿಯ ಬೈಗುಳ. ಆ ಹುಡುಗನಿಗೆ ಮಾತ್ರ ಅದು ಅವನ ತಂದೆಯ, ತಾತನ, ಇಡೀ ವಾಡದ ಹೆಸರಾಗಿತ್ತು. ಮರುದಿನ ಅವನು ಬರಲಿಲ್ಲ. ಒಂದು ವಾರ ಕಳೆದರೂ ಬರಲಿಲ್ಲ.

ಮುಂದಿನ ಭಾನುವಾರ ನಾನು ವಾಡಕ್ಕೆ ನಡೆದು ಹೋದೆನು. ಹುಲ್ಲು ಹೊದಿಸಿದ ಹತ್ತೆಂಟು ಮನೆಗಳು. ನಡುವೆ ಎಮ್ಮೆಗಳ ಕೊಟ್ಟಿಗೆ. ತಲೆಗೆ ಬಿಳಿಯ ರುಮಾಲು ಸುತ್ತಿ, ಹೆಗಲಿಗೆ ಕಂಬಳಿ ಹಾಕಿಕೊಂಡು ಒಬ್ಬ ವೃದ್ಧರು ಕುಳಿತಿದ್ದರು. ಅವರೇ ಹುಡುಗನ ಅಜ್ಜ. ಆಗಲೇ ಅರುವತ್ತು ದಾಟಿದ್ದವರು. ನನಗೆ ಕಂಬಳಿ ಹಾಸಿ, ಬಟ್ಟಲಲ್ಲಿ ಹಾಲು ಕೊಟ್ಟು, ಆಮೇಲೆ ಸಂತೆಯಲ್ಲಿ ಕಲಿತ ಕನ್ನಡದಲ್ಲಿ ಕೇಳಿದರು:

“ಮಾಸ್ತರ, ಎಮ್ಮಿ ಕಾಯೂದಂದ್ರ ಏನಂತ ತಿಳಿದೀರಿ? ನಾಳೆ ಒಂದ ದಿನ ನೀವ ಕಾದು ನೋಡ್ರಿ. ಆಮ್ಯಾಲ ಹುಡುಗನ್ನ ಸಾಲಿಗಿ ಕಳಸೂ ಮಾತಾಡೂಣು.”

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೆ ತಪ್ಪಿಸಿಕೊಳ್ಳುವ ದಾರಿಯನ್ನೂ ಅವರು ಬಿಟ್ಟಿರಲಿಲ್ಲ. ಆ ರಾತ್ರಿ ನಾನು ವಾಡದಲ್ಲಿಯೇ ಉಳಿದೆನು.

ಬೆಳಗಾದ ಮೇಲೆ ಹದಿನಾಲ್ಕು ಎಮ್ಮೆಗಳನ್ನು ನನಗೆ ಒಪ್ಪಿಸಿದರು. ಕಾಡಿನಲ್ಲಿ ಮತ್ತಿ, ನಂದಿ, ಹೊನ್ನೆ, ಜಂಬೆಯ ಮರಗಳು, ನೆಲವೆಲ್ಲ ಹಸಿರು. ಯಾವ ಹುಲ್ಲನ್ನು ಎಮ್ಮೆ ತಿನ್ನುತ್ತದೆ, ಯಾವುದನ್ನು ಬಿಡುತ್ತದೆ, ನನಗೆ ತಿಳಿಯದು. ನಡುಹಗಲಿಗೆ ಅವು ನೀರಿಗಿಳಿಯಬೇಕೆಂಬುದೂ ತಿಳಿಯದು. ಪ್ರತಿಯೊಂದು ಎಮ್ಮೆಯ ಕೊರಳ ಗಂಟೆಗೂ ಬೇರೆಬೇರೆ ನಾದವಿದೆಯೆಂದೂ, ಅದನ್ನು ಕೇಳಿ ಯಾವ ಎಮ್ಮೆ ಎಲ್ಲಿದೆಯೆಂದು ಹೇಳಬಹುದೆಂದೂ ಅಜ್ಜ ತಿಳಿಸಿದ್ದರು. ಲಘು ಗುರುಗಳನ್ನು ಕಿವಿಯಿಂದಲೇ ಗುರುತಿಸಬೇಕೆಂದು ಮಕ್ಕಳಿಗೆ ಬೋಧಿಸುತ್ತಿದ್ದ ನನಗೆ ಹದಿನಾಲ್ಕು ಗಂಟೆಗಳೂ ಒಂದೇ ಆಗಿ ಕೇಳಿಸಿದವು. ಮಧ್ಯಾಹ್ನದ ಹೊತ್ತಿಗೆ ನನ್ನ ಎದುರಿಗೆ ಐದೇ ಎಮ್ಮೆಗಳಿದ್ದವು. ಸಂಜೆಯ ಹೊತ್ತಿಗೆ ಒಂದೂ ಇರಲಿಲ್ಲ. ಅವುಗಳನ್ನು ಹುಡುಕುತ್ತ ಕತ್ತಲೆಯಾಯಿತು. ಕೊನೆಗೆ ಕೈಯಲ್ಲಿ ಕಂದೀಲು ಹಿಡಿದು ಆ ಹುಡುಗನೇ ಬಂದು ನನ್ನನ್ನು ಕರೆದುಕೊಂಡು ಹೋದನು. ಎಮ್ಮೆಗಳೆಲ್ಲ ಎಂದಿನಂತೆ ತಾವಾಗಿಯೇ ವಾಡಕ್ಕೆ ಮರಳಿದ್ದವು. ದಾರಿ ತಪ್ಪಿದವನು ನಾನೊಬ್ಬನೇ.

ಅಜ್ಜ ನಗಲಿಲ್ಲ. “ಕಲ್ತರ ಬರ್ತೈತಿ, ಮಾಸ್ತರ. ನಮ್ಮ ಹುಡುಗಗೂ ನಿಮ್ಮ ಪದ್ಯ ಕಲ್ತರ ಬರ್ತೈತಿ” ಎಂದಷ್ಟೇ ಹೇಳಿದರು. ಮರುದಿನ ಹುಡುಗ ನನ್ನೊಡನೆಯೇ ಶಾಲೆಗೆ ಬಂದನು. ತರಗತಿಯಲ್ಲಿ ಎಲ್ಲರ ಎದುರಿಗೆ ನಾನು ಅವನ ಕ್ಷಮೆ ಕೇಳಿದೆನು. ನನ್ನ ಮೂವತ್ತಮೂರು ವರ್ಷಗಳ ಶಿಕ್ಷಕ ವೃತ್ತಿಯಲ್ಲಿ ನಾನು ಮಾಡಿದ ಅತ್ಯಂತ ಕಠಿಣವಾದ ಪಾಠ ಅದು.

ಹೀಗೆ ಆರಂಭವಾದ ಸ್ನೇಹ ಹದಿನೆಂಟು ವರ್ಷ ಬಾಳಿತು. ನಾನು ಅವರನ್ನು ಕಾಕಾ ಎಂದು ಕರೆಯುತ್ತಿದ್ದೆನು. ಸಂತೆಗೆ ಬಂದಾಗ ಅವರು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಚಹ ಕುಡಿದು ಹೋಗುತ್ತಿದ್ದರು. ದೀಪಾವಳಿಯಲ್ಲಿ ಎಮ್ಮೆಗಳನ್ನು ಸಿಂಗರಿಸುವಾಗ ನಾನು ವಾಡಕ್ಕೆ ಹೋಗುತ್ತಿದ್ದೆನು. ಮೊದಮೊದಲು ನಾನು ಅವರನ್ನು ಪ್ರಶ್ನೆಗಳಿಂದ ಮುತ್ತುತ್ತಿದ್ದೆ. ಎಮ್ಮೆ ಎಷ್ಟು, ಹಾಲು ಎಷ್ಟು, ಆದಾಯ ಎಷ್ಟು ಎಂದು ಗುರುತು ಹಾಕಿಕೊಳ್ಳುತ್ತಿದ್ದೆ. ಒಮ್ಮೆ ಅವರು, “ನಿಮ್ಮ ಮನ್ಯಾಗ ರೊಕ್ಕ ಎಷ್ಟೈತಿ ಅಂತ ನಾ ಎಂದರ ಕೇಳೇನೇನು, ಮಾಸ್ತರ?” ಎಂದರು. ಅಂದೇ ನನ್ನ ಟಿಪ್ಪಣಿ ಪುಸ್ತಕ ಮುಚ್ಚಿತು. ಕುತೂಹಲ ಕೆಟ್ಟದ್ದಲ್ಲ, ಆದರೆ ಕುತೂಹಲವೇ ಸ್ನೇಹವಲ್ಲ. ಕುತೂಹಲಿಯು ತೆಗೆದುಕೊಂಡು ಹೋಗುತ್ತಾನೆ. ಸ್ನೇಹಿತನು ತನ್ನದನ್ನೂ ತೆರೆದು ತೋರಿಸಬೇಕಾಗುತ್ತದೆ.

ಸ್ನೇಹವೆಂದಮೇಲೆ ಎಲ್ಲದರಲ್ಲಿಯೂ ಒಮ್ಮತವಿತ್ತೆಂದು ತಿಳಿಯಬೇಡಿ. 2004ರಲ್ಲಿ ನಮ್ಮಿಬ್ಬರ ನಡುವೆ ದೊಡ್ಡ ಭಿನ್ನಾಭಿಪ್ರಾಯವೇ ಬಂದಿತು. ಅವರ ಕಿರಿಯ ಮಗನ ಮಗಳು ಹತ್ತಿರದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೆಯ ತರಗತಿ ಮುಗಿಸಿದ್ದಳು. ಮುಂದೆ ಓದಬೇಕಾದರೆ ಪಟ್ಟಣದ ವಿದ್ಯಾರ್ಥಿನಿಲಯದಲ್ಲಿ ಇರಬೇಕಾಗಿತ್ತು. ಕಳುಹಿಸಿರೆಂದು ನಾನು; ಬೇಡವೆಂದು ಅವರು. ಓದಿದ ಮೊಮ್ಮಗ ಪಟ್ಟಣದಲ್ಲಿ ಕೆಲಸ ಹಿಡಿದು, ಎಮ್ಮೆಯ ವಾಸನೆ ಬರುವುದೆಂದು ಮನೆಯ ಕಂಬಳಿಯನ್ನೇ ಮುಟ್ಟದವನಾಗಿದ್ದನು. “ಅಕ್ಷರ ಕಲಿಸ್ರಿ, ಬ್ಯಾಡ ಅನ್ನೂದಿಲ್ಲ. ನಾಚಿಕಿ ಯಾಕ ಕಲಿಸ್ತೀರಿ?” ಎಂಬುದು ಅವರ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಾಗೆಂದು ಅವರ ಹಟವೂ ನನಗೆ ಸರಿಯೆನಿಸಲಿಲ್ಲ. ಮಳೆಗಾಲದಲ್ಲಿ ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತರುವ ವಾಡದಲ್ಲಿ, ಓದಿದ ಹೆಣ್ಣುಮಗಳೊಬ್ಬಳು ಬೇಡವೆಂದು ಹೇಳಲಾದೀತೆ?

ಇದೇ ಸಮಯದಲ್ಲಿ ನಾನು ದೂರದ ಅಮೆರಿಕದ ಒಂದು ಸಮುದಾಯದ ವಿಷಯವನ್ನು ಓದಿದೆನು. ಅವರನ್ನು ಆಮಿಶ್ ಜನರೆಂದು ಕರೆಯುತ್ತಾರೆ. ಹೆಸರನ್ನು ಕೇಳಿದರೆ ನಮಗೆ ‘ಆಮಿಷ’ ಎಂಬ ಪದ ನೆನಪಾಗಬಹುದು. ಆದರೆ ಲೋಕದ ಆಮಿಷಗಳಿಂದ ದೂರವಿರಬೇಕೆಂದು ಬಯಸಿದವರೇ ಅವರು. 1693ರಲ್ಲಿ ಯುರೋಪಿನಲ್ಲಿ ಯಾಕೋಬ್ ಅಮ್ಮಾನ್ ಎಂಬ ಧರ್ಮಗುರುವಿನ ಹಿಂದೆ ನಡೆದ ಕ್ರೈಸ್ತರ ಒಂದು ಪಂಗಡ ಅದು. ಹದಿನೆಂಟನೆಯ ಶತಮಾನದಲ್ಲಿ ಅವರು ಪೆನ್ಸಿಲ್ವೇನಿಯಕ್ಕೆ ಬಂದು ನೆಲಸಿದರು. ಇಂದು ಅವರ ಸಂಖ್ಯೆ ನಾಲ್ಕು ಲಕ್ಷವನ್ನು ಮೀರಿದೆ. ಅವರು ಕುದುರೆಗಾಡಿಯಲ್ಲಿ ಸಂಚರಿಸುತ್ತಾರೆ, ಸರಳವಾದ ಉಡುಪು ಧರಿಸುತ್ತಾರೆ, ಮನೆಗೆ ಊರಿನ ವಿದ್ಯುತ್ ತಂತಿಯನ್ನು ಎಳೆಸಿಕೊಳ್ಳುವುದಿಲ್ಲ. ಆದರೆ ಯಂತ್ರವೆಂದರೆ ಅವರು ಕುರುಡಾಗಿ ಹೆದರುವವರಲ್ಲ. ಒಂದು ಹೊಸ ಸಾಧನ ಬಂದಾಗ, ಇದು ನಮ್ಮ ಕುಟುಂಬವನ್ನೂ ನೆರೆಹೊರೆಯನ್ನೂ ಒಟ್ಟಿಗೆ ಇಟ್ಟೀತೆ ಎಂದು ವಿಚಾರಮಾಡಿ ಒಪ್ಪುತ್ತಾರೆ, ಇಲ್ಲವೆ ಬಿಡುತ್ತಾರೆ. ಹಲವು ಕಡೆ ದೂರವಾಣಿಯನ್ನು ಮನೆಯೊಳಗೆ ಇಡದೆ, ಹೊರಗಿನ ಒಂದು ಗುಡಿಸಲಿನಲ್ಲಿ ಇಟ್ಟುಕೊಂಡಿದ್ದಾರೆ. ಅವರ ಪಾಲಿಗೆ ಹೊರಗಿನವರೆಲ್ಲರೂ ‘ಇಂಗ್ಲಿಷರು’. ಅವರನ್ನು ನೋಡಲು ಪ್ರವಾಸಿಗರು ಲಕ್ಷಗಟ್ಟಲೆ ಹೋಗುತ್ತಾರೆ, ಭಾವಚಿತ್ರಕ್ಕೆ ನಿಲ್ಲಲೊಪ್ಪದ ಆ ಜನರ ಭಾವಚಿತ್ರ ತೆಗೆಯುತ್ತಾರೆ, ಹಿಂದಿರುಗುತ್ತಾರೆ. ನೋಡಿದವರು ಬಹಳ, ಸ್ನೇಹಿತರಾದವರು ವಿರಳ.

ಆದರೂ ಅಂಥ ವಿರಳರು ಇದ್ದರು. ಆಮಿಶ್ ಮಕ್ಕಳು ಎಂಟನೆಯ ತರಗತಿಗೆ ಓದು ನಿಲ್ಲಿಸುತ್ತಾರೆ. ವಿಸ್ಕಾನ್ಸಿನ್ ರಾಜ್ಯದ ಕಾನೂನು ಹದಿನಾರು ವರ್ಷದವರೆಗೆ ಶಾಲೆ ಕಡ್ಡಾಯವೆಂದು ಹೇಳುತ್ತಿತ್ತು. ಮಕ್ಕಳನ್ನು ಮುಂದೆ ಕಳುಹಿಸದ ಮೂವರು ತಂದೆಯರಿಗೆ ತಲಾ ಐದು ಡಾಲರ್ ದಂಡ ಬಿದ್ದಿತು. ನ್ಯಾಯಾಲಯದ ಮೆಟ್ಟಿಲು ಹತ್ತಿ ವಾದಿಸುವುದು ಆಮಿಶ್ ಜನರ ಸಂಪ್ರದಾಯವಲ್ಲ. ಆಗ ಅವರ ಪರವಾಗಿ ನಿಂತವರು ಹೊರಗಿನವರು. ವಿಲಿಯಂ ಲಿಂಡ್‌ಹೋಮ್ ಎಂಬ ಲೂಥರನ್ ಪಾದ್ರಿಯು 1967ರಲ್ಲಿ ಒಂದು ಸಮಿತಿಯನ್ನು ಕಟ್ಟಿದನು. ವಿಲಿಯಂ ಬಾಲ್ ಎಂಬ ಕ್ಯಾಥೊಲಿಕ್ ವಕೀಲನು ವಾದಿಸಿದನು. ಇಬ್ಬರಲ್ಲಿ ಯಾರೂ ಆಮಿಶ್ ಅಲ್ಲ, ಆಗಬಯಸಿದವರೂ ಅಲ್ಲ. 1972ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಆಮಿಶ್ ತಂದೆಯರ ಪರವಾಗಿ ತೀರ್ಪಿತ್ತಿತು. ಆದರೆ ನ್ಯಾಯಮೂರ್ತಿ ಡಗ್ಲಸ್ ಅವರು ಭಾಗಶಃ ಭಿನ್ನಮತವನ್ನು ದಾಖಲಿಸಿದರು. ತಂದೆಯರ ಹಕ್ಕಿನ ಮಾತಾಯಿತು. ಆ ಮಕ್ಕಳಿಗೆ ಏನು ಬೇಕೆಂದು ಕೇಳಬೇಡವೇ ಎಂಬುದು ಅವರ ಆಕ್ಷೇಪದ ಸಾರ.

ಈ ಮಾತು ನನ್ನನ್ನು ಎಚ್ಚರಿಸಿತು. ಹುಡುಗಿಯ ಮುಂದಿನ ಬಾಳನ್ನು ಕುರಿತು ಕಾಕಾ ಮತ್ತು ನಾನು ತಿಂಗಳುಗಟ್ಟಲೆ ವಾದಿಸಿದ್ದೆವು. ಹುಡುಗಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಮುಂದಿನ ಭೇಟಿಯಲ್ಲಿ ಅದನ್ನೇ ಹೇಳಿದೆನು. ಕಾಕಾ ಬಹಳ ಹೊತ್ತು ಸುಮ್ಮನಿದ್ದು, ಅವಳನ್ನು ಕರೆದರು. ಕೊಟ್ಟಿಗೆಯಿಂದ ಕೈತೊಳೆದುಕೊಂಡು ಬಂದ ಮಗು ನಮ್ಮಿಬ್ಬರ ಮುಖವನ್ನೂ ನೋಡಿ ಹೇಳಿತು: “ಓದ್ತೇನಿ. ಆದ್ರ ರಜೆಗೆ ಬಂದಾಗ ಎಮ್ಮಿ ನನಗ ಬಿಡ್ರಿ.” ಕಾಕಾ ಮರುಮಾತಾಡದೆ ಒಪ್ಪಿಕೊಂಡರು. ಅವರ ಭಯ ಹೋಯಿತೆಂದು ನಾನು ಹೇಳಲಾರೆ. ಮೊಮ್ಮಗಳ ಮಾತಿನ ಮುಂದೆ ತಮ್ಮ ಭಯವನ್ನು ಅವರು ಬದಿಗಿಟ್ಟರು.

ಆ ಓದು ಯಾವ ರೀತಿ ವಾಡಕ್ಕೆ ಮರಳಿತೆಂಬುದನ್ನು ಹೇಳಿದರೆ ನನ್ನ ಮಾತು ಮುಗಿಯುತ್ತದೆ. 2006ರಲ್ಲಿ ನಮ್ಮ ದೇಶದಲ್ಲಿ ಅರಣ್ಯ ಹಕ್ಕು ಕಾಯಿದೆ ಬಂದಿತು. ಕಾಡಿನಲ್ಲಿ ತಲೆಮಾರುಗಳಿಂದ ಬದುಕಿದವರಿಗೆ ಅವರು ಸಾಗುಮಾಡುವ, ವಾಸಿಸುವ ನೆಲದ ಮೇಲೆ ಹಕ್ಕು ಕೊಡುವ ಕಾನೂನು ಅದು. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದ ಜನರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿಯೇ ಇದ್ದುದನ್ನು ತೋರಿಸಬೇಕು. ಗೌಳಿಗಳು ಆಗ ಆ ಪಟ್ಟಿಯಲ್ಲಿರಲಿಲ್ಲ. ಕಾಗದವನ್ನೇ ಕಾಣದ ವಾಡದಲ್ಲಿ 75 ವರ್ಷದ ಕಾಗದ ಎಲ್ಲಿಂದ ಬರಬೇಕು? ಆದರೆ 2008ರ ನಿಯಮಗಳಲ್ಲಿ ಒಂದು ದೊಡ್ಡ ಮಾತಿದೆ. ಹಿರಿಯರು ಬಾಯಿಂದ ಹೇಳಿದ್ದನ್ನು ಬರೆದುಕೊಂಡರೆ ಅದನ್ನೂ ಸಾಕ್ಷ್ಯವಾಗಿ ಒಪ್ಪಬಹುದು. ಒಂದೇ ಷರತ್ತು: ಹಾಗೆ ಹೇಳುವ ಹಿರಿಯರು ಅರ್ಜಿದಾರರಾಗಿರಬಾರದು. ಎಂದರೆ ತನ್ನ ನೆಲಕ್ಕೆ ತಾನೇ ಸಾಕ್ಷಿಯಾಗುವಂತಿಲ್ಲ. ನೆರೆಯವನು ಇವನಿಗೆ, ಇವನು ನೆರೆಯವನಿಗೆ ಸಾಕ್ಷಿಯಾಗಬೇಕು.

2009ರ ಬೇಸಿಗೆಯಲ್ಲಿ ಕಾಕಾ ನೆರೆಮನೆಯವರಿಗಾಗಿ ಹೇಳಿದರು, ನಾನು ಬರೆದುಕೊಂಡೆನು. ಅವರಿಗೆ ಇಸವಿಗಳು ಗೊತ್ತಿರಲಿಲ್ಲ. ಅವರು ಕಾಲವನ್ನು ಎಮ್ಮೆಗಳಿಂದ ಎಣಿಸುತ್ತಿದ್ದರು. ಈ ಎಮ್ಮೆಯ ತಾಯಿ, ಆ ತಾಯಿಯ ತಾಯಿ, ಯಾರ ಕೊಟ್ಟಿಗೆಯಲ್ಲಿ, ಯಾವ ಮಳೆಗಾಲದಲ್ಲಿ ಈದಿತು ಎಂದು ಹಿಂದೆ ಹಿಂದೆ ನಡೆಯುತ್ತ ತಮ್ಮ ಬಾಲ್ಯವನ್ನು ಮುಟ್ಟಿದರು. ಅಲ್ಲಿಂದ ತಂದೆಯ ಬಾಯಲ್ಲಿ ಕೇಳಿದ ಕಾಲವನ್ನು ಮುಟ್ಟಿದರು. ಒಂದು ಹೆಸರೂ ತಪ್ಪಲಿಲ್ಲ. ನಾನು ಅದನ್ನೆಲ್ಲ ಒಳ್ಳೆಯ ಗ್ರಾಂಥಿಕ ಕನ್ನಡದಲ್ಲಿ ಬರೆದು, ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಬಂದಿದ್ದ ಮೊಮ್ಮಗಳ ಕೈಗೆ ಕೊಟ್ಟೆನು. ಅವಳು ಅಜ್ಜನಿಗೆ ಅವರ ಭಾಷೆಯಲ್ಲಿ ಓದಿ ಹೇಳುತ್ತ ಒಂದೆಡೆ ನಿಂತಳು.

“ಸರ್, ಇಲ್ಲಿ ‘ಅಲೆಮಾರಿ ಗೌಳಿಗರು’ ಅಂತ ಬರದೀರಿ. ನಾವು ಮೇವಿಗೆ ದನ ಹೊಡಕೊಂಡು ಹೋಗ್ತೇವಿ, ಬರ್ತೇವಿ. ವಾಡ ಮಾತ್ರ ಇಲ್ಲೇ ಐತಿ. ಅಲೆಮಾರಿ ಅಂದ್ರ 75 ವರ್ಷ ಹೆಂಗ ಆಗ್ತೈತಿ?”

ನಾನು ದಂಗಾದೆನು. ಹದಿನಾಲ್ಕು ವರ್ಷ ಈ ವಾಡಕ್ಕೆ ಬಂದು ಹೋದವನು ನಾನು. ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಪಡೆದವನು. ಕಿವಿಗೆ ಇಂಪಾಗಿದೆಯೆಂದು ಬಳಸಿದ ಒಂದು ವಿಶೇಷಣದಿಂದ ಆ ಮನೆಯವರ ಹಕ್ಕಿಗೇ ಕುತ್ತು ತರುವವನಿದ್ದೆನು. ಆ ಪದವನ್ನು ಹೊಡೆದುಹಾಕಿದೆನು. ಕಾಕಾ ಹೆಬ್ಬೆಟ್ಟು ಒತ್ತಿದರು. ಬರೆದುಕೊಂಡವನೆಂದು ನಾನು ಸಹಿ ಹಾಕಿದೆನು. ಅರ್ಜಿ ಹೋಯಿತು. 2013ರಲ್ಲಿ ಕಾಕಾ ತೀರಿಕೊಂಡಾಗ ಅದರ ತೀರ್ಮಾನ ಇನ್ನೂ ಬಂದಿರಲಿಲ್ಲ. ಅವರ ಮಾತು ಮಾತ್ರ ಬರವಣಿಗೆಯಲ್ಲಿ ಉಳಿದಿತ್ತು.

ನಮಗಿಂತ ಬೇರೆಯಾಗಿ ಬದುಕುವ ಜನರನ್ನು ಕಂಡಾಗ ನಾವು ಸಾಮಾನ್ಯವಾಗಿ ಎರಡು ಬಗೆಯಲ್ಲಿ ನಡೆದುಕೊಳ್ಳುತ್ತೇವೆ. ಕೆಲವರು ಅವರನ್ನು ಹಿಂದುಳಿದವರೆಂದು ಮರುಗಿ, ತಿದ್ದಿ ನಮ್ಮಂತೆ ಮಾಡಹೊರಡುತ್ತಾರೆ. ಇನ್ನು ಕೆಲವರು ಅವರ ಬದುಕೇ ಸ್ವರ್ಗವೆಂದು ಹೊಗಳಿ, ಅವರು ಎಂದೆಂದಿಗೂ ಹಾಗೆಯೇ ಇರಲೆಂದು ಬಯಸುತ್ತಾರೆ. ಮೊದಲನೆಯವರು ಆ ಜನರ ಜ್ಞಾನವನ್ನು ಕಾಣರು. ಎರಡನೆಯವರು ಅವರ ಕಷ್ಟವನ್ನು ಕಾಣರು. ಇಬ್ಬರೂ ಅವರ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಸ್ನೇಹಿತನು ಕೇಳಿಸಿಕೊಳ್ಳುತ್ತಾನೆ. ಒಪ್ಪದಿದ್ದಾಗ ಒಪ್ಪಲಿಲ್ಲವೆಂದು ಮುಖಕ್ಕೆ ಹೇಳುತ್ತಾನೆ. ತನ್ನ ತಪ್ಪನ್ನು ಅವರು ತಿದ್ದಿದಾಗ ತಲೆಬಾಗುತ್ತಾನೆ. ಬೇಕಾದಾಗ ಅವರಿಗೆ ಸಾಕ್ಷಿಯಾಗಿ ನಿಲ್ಲುತ್ತಾನೆ. ಕಾಕಾ ನನ್ನಂತೆ ಆಗಲಿಲ್ಲ, ನಾನು ಅವರಂತೆ ಆಗಲಿಲ್ಲ. ನಮ್ಮ ಸ್ನೇಹಕ್ಕೆ ಅದರ ಅವಶ್ಯಕತೆಯೂ ಬೀಳಲಿಲ್ಲ.

ನಿಮ್ಮ ತರಗತಿಯಲ್ಲಿಯೂ ಬೇರೆ ಮಾತಿನ, ಬೇರೆ ಕಸುಬಿನ ಮನೆಯಿಂದ ಬಂದ ಒಬ್ಬ ಹುಡುಗನೋ ಹುಡುಗಿಯೋ ಕೊನೆಯ ಬೆಂಚಿನಲ್ಲಿ ಕುಳಿತಿರಬಹುದು. ಅವರ ಮನೆಯ ಕಸುಬು ನಿಮ್ಮ ಬಾಯಲ್ಲಿ ಬೈಗುಳವಾಗದಿರಲಿ. ಸಾಧ್ಯವಾದರೆ ಒಂದು ಭಾನುವಾರ ಅವರ ಮನೆಗೆ ಹೋಗಿ, ಅವರ ಅಜ್ಜನ ಬಳಿ ಕುಳಿತುಕೊಳ್ಳಿ. ಎಮ್ಮೆ ಕಾಯುವ ವಿದ್ಯೆ ನನಗೆ ಕೊನೆಯವರೆಗೂ ಪೂರ್ತಿ ಬರಲಿಲ್ಲ. ಆದರೆ ಹದಿನಾಲ್ಕು ಗಂಟೆಗಳಲ್ಲಿ ಮೂರನ್ನು ಬೇರೆಬೇರೆಯಾಗಿ ಗುರುತಿಸುವಷ್ಟು ಕಲಿತಿದ್ದೆನು. ಅಷ್ಟಕ್ಕೇ ಕಾಕಾ ಬಹಳ ಸಂತೋಷಪಟ್ಟಿದ್ದರು.